ಡಬ್ಬಿ ಖಾಲಿ ಕಳಿಸಬಾರದು

“ಚಪ್ಪಲಿ ಹೊರಗ ಬಿಡ್ರಿ.”

ಗಂಗಾಂಬಿಕಾ ತಲೆ ಎತ್ತದೆಯೇ ಹೇಳಿದಳು. ಬಂದವನು ಯಾರೋ ಲಾರಿ ಮಾಲೀಕನಿರಬೇಕು ಎಂದು ಅವಳ ಅಂದಾಜು. ಆ ಕಾಲದ ಸಂಡೂರಿನಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಓಡಾಡುವವರೆಲ್ಲ ಲಾರಿ ಮಾಲೀಕರೇ. ನಿನ್ನೆಯವರೆಗೆ ಎಮ್ಮೆ ಕಾಯುತ್ತಿದ್ದವರೂ ಇವತ್ತು ಲೋನ್ ಮಾಡಿ ಲಾರಿ ಇಳಿಸಿ, ಅದಿರು ತುಂಬಿ, ಲಾರಿ ತೂಗುವ ಕಾಟಾದ ಮೇಲೆ ನಿಲ್ಲಿಸಿ, ಜಲ್ದಿ ಚೀಟಿ ಕೊಡಿ ಎಂದು ಆಫೀಸಿನೊಳಕ್ಕೆ ನುಗ್ಗುತ್ತಿದ್ದರು. ನುಗ್ಗಲಿ, ಆದರೆ ಸರ್ವರ್ ಇರುವ ಈ ಒಳಕೋಣೆಗೆ ಮಾತ್ರ ಬರಬಾರದು.

“ಸಾಕ್ಸ್ ಇರ್ಲ್ಯಾ, ಅವನ್ನೂ ಬಿಡ್ಲ್ಯಾ?” ಎಂದಿತು ಬಾಗಿಲಲ್ಲಿದ್ದ ಧ್ವನಿ.

ಅವಳ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಆ ಧ್ವನಿಯನ್ನು ಅವಳು ದಿನಾ ಬೆಳಿಗ್ಗೆ ಫೋನಿನಲ್ಲಿ ಕೇಳುತ್ತಿದ್ದಳು. ಮುಖ ಮಾತ್ರ ನೋಡಿರಲಿಲ್ಲ. ತಲೆ ಎತ್ತಿದಳು. ಉದ್ದನೆಯ ಮನುಷ್ಯ, ಬಾಗಿಲಿನ ಪರದೆ ತಲೆಯ ಮೇಲೆ ಸೆರಗು ಹೊದ್ದ ಹಾಗೆ ಕೂತಿತ್ತು. ಹೊಸಪೇಟೆಯಿಂದ ಬೈಕಿನಲ್ಲಿ ಬಂದದ್ದಕ್ಕೆ ಹುಬ್ಬು, ರೆಪ್ಪೆ, ಮೀಸೆ ಎಲ್ಲವೂ ಕೆಂಪು. ನಗುವ ಹಲ್ಲು ಮಾತ್ರ ಬೆಳ್ಳಗಿದ್ದವು.

“ಸರ್, ನೀವಾ,” ಎಂದಳು. ತನ್ನ ಕೂದಲಲ್ಲೂ ಅಷ್ಟೇ ಧೂಳಿದೆಯೆಂದು ನೆನಪಾಗಿ ಕೈ ತಾನಾಗಿ ತಲೆಗೆ ಹೋಯಿತು.

ರೇವಣಸಿದ್ದ ಅದನ್ನು ನೋಡಿದ. ನೋಡಿಯೂ ನೋಡದವನಂತೆ ಸಾಕ್ಸ್ ಕಳಚಿ, ಮಡಚಿ, ಶೂಗಳೊಳಗೆ ತುರುಕಿ, ಬರಿಗಾಲಲ್ಲಿ ಒಳಗೆ ಬಂದ.

ಎರಡು ಸಾವಿರದ ಎಂಟನೆಯ ಇಸವಿಯ ಸುಮಾರಿನ ಮಾತು. ಈಗಿನವರಿಗೆ ಆ ಧೂಳಿನ ಕಥೆ ಹೇಳಿದರೆ ಅರ್ಥವಾಗುವುದಿಲ್ಲ. ಹಗಲೂ ರಾತ್ರಿ ಅದಿರಿನ ಲಾರಿ. ತುಳಸಿ ಗಿಡ ಕೆಂಪು, ಒಣಹಾಕಿದ ಬಟ್ಟೆ ಕೆಂಪು, ಮುಚ್ಚಿಟ್ಟ ಮೊಸರಿನ ಕೆನೆಯೂ ಕೆಂಪು. ಸರ್ವರ್ ಎಂಬ ಪ್ರಾಣಿಗೋ ಗಾಳಿ ಎಳೆದುಕೊಳ್ಳದೆ ಜೀವವಿಲ್ಲ. ಗಾಳಿ ಎಳೆದರೆ ಜೊತೆಗೆ ಸಂಡೂರಿನ ಗುಡ್ಡವನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಗಂಗಾಂಬಿಕಾ ಆ ಕೋಣೆಯನ್ನು ದೇವರಮನೆ ಮಾಡಿದ್ದಳು. ಚಪ್ಪಲಿ ಹೊರಗೆ. ಬಾಗಿಲಿಗೆ ದೊಡ್ಡಮ್ಮನ ಹಳೇ ಇಲಕಲ್ ಸೀರೆಯ ಎರಡು ಪದರದ ಪರದೆ. ವಾರಕ್ಕೊಮ್ಮೆ ಅದನ್ನು ಒಗೆದರೆ ಬಕೆಟ್ಟಿನಲ್ಲಿ ಕುಂಕುಮದ ನೀರು. ಈಗ ಗಣಿಗಳು ತಣ್ಣಗಾಗಿ ಗಿಡಗಳ ಎಲೆ ಹಸಿರಾಗಿವೆ, ಒಳ್ಳೆಯದೇ ಆಯಿತು. ಆದರೂ ಆ ಕೆಂಪು ನೀರು ನೆನಪಾದರೆ ಅವಳಿಗೆ ಇವತ್ತಿಗೂ ಎದೆಯೊಳಗೆ ಏನೋ ಮಿಡುಕುತ್ತದೆ.

ಇಬ್ಬರೂ ಒಂದೇ ಕಂಪನಿಯವರು. ಸಾಹುಕಾರರ ಅದಿರು ಸಾಗಣೆಯ ಕಾಟಾ ಸಂಡೂರಿನಲ್ಲಿ, ಅಕ್ಕಿ ಗಿರಣಿ ಕಂಪ್ಲಿಯಲ್ಲಿ, ಹೆಡ್ ಆಫೀಸು ಹೊಸಪೇಟೆಯಲ್ಲಿ. ಮೂರು ಕಡೆಗೂ ಬೇರೆ ಬೇರೆ ಸರ್ವರ್. ಸಂಡೂರಿನದನ್ನು ನೋಡಿಕೊಳ್ಳುವವಳು ಗಂಗಾಂಬಿಕಾ. ಕಂಪ್ಲಿಯ ಹುಡುಗಿ, ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಸಂಡೂರಿನಲ್ಲಿ ದೊಡ್ಡಮ್ಮ ಕೊಟ್ರಮ್ಮನ ಮನೆಯಲ್ಲಿದ್ದಳು. ಮೂರನ್ನೂ ನೋಡಿಕೊಳ್ಳುವವನು ಹೊಸಪೇಟೆಯ ರೇವಣಸಿದ್ದ. ಮೊದಲು ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಫಾರಿನ್ನಿನವರಿಗೆ ಇಂಟರ್ನೆಟ್ ಅಂಗಡಿ ನಡೆಸಿದವನು. ಅಲ್ಲಿ ಕಲಿತ ನಯ ಮಾತಿನಲ್ಲಿ ಉಳಿದಿತ್ತು.

ದಿನಾ ಸಂಜೆ ಸರ್ವರಿನ ಲೆಕ್ಕವೆಲ್ಲ ಒಂದು ಟೇಪಿಗೆ ಇಳಿಯಬೇಕು, ಆ ಟೇಪು ಮರುದಿನ ಹೊಸಪೇಟೆ ಸೇರಬೇಕು. ಇಲ್ಲಿ ಬೆಂಕಿಯೋ ಕಳ್ಳತನವೋ ಆದರೆ ಅಲ್ಲೊಂದು ಪ್ರತಿ ಇರಲಿ ಎಂದು. ಮೊದಮೊದಲು ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಿದರು. ಧೂಳು ಅದರೊಳಗೂ ಹೊಕ್ಕು ಟೇಪು ಹಾಳಾಯಿತು. ಆಗ ಗಂಗಾಂಬಿಕಾ ದೊಡ್ಡಮ್ಮನ ಸ್ಟೀಲ್ ಡಬ್ಬಿ ಕೇಳಿದಳು. ಎರಡು ಅಂತಸ್ತಿನ, ಬಿಗಿ ಮುಚ್ಚಳದ, ಕೊಟ್ರಮ್ಮನ ಹೆಸರು ಕೊರೆಸಿದ ಡಬ್ಬಿ. ಕೆಳಗಿನ ಅಂತಸ್ತಿನಲ್ಲಿ ಬಟ್ಟೆ ಸುತ್ತಿದ ಟೇಪು. ಸಂಜೆ ಮನೆಗೆ ತಂದಿಟ್ಟುಕೊಂಡು ಬೆಳಿಗ್ಗೆ ಮೊದಲ ಬಸ್ಸಿನ ಕಂಡಕ್ಟರ್ ಪಾಲಪ್ಪನ ಕೈಗೆ ಕೊಟ್ಟರೆ, ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ರೇವಣಸಿದ್ದ ಇಳಿಸಿಕೊಳ್ಳುತ್ತಿದ್ದ.

ಮೇಲಿನ ಅಂತಸ್ತು ಖಾಲಿ ಹೋಗುವುದನ್ನು ನೋಡಿ ಕೊಟ್ರಮ್ಮನ ಜೀವ ತಡೆಯಲಿಲ್ಲ.

“ಇನ್ನೊಬ್ಬರ ಮನಿಗೆ ಡಬ್ಬಿ ಖಾಲಿ ಕಳಿಸಬಾರದವ್ವ,” ಎಂದಳು. ಟೇಪು ಇದೆಯಲ್ಲ ಎಂದರೆ, ಅದೇನು ತಿನ್ನಾಕ ಬರ್ತೈತೇನು ಎಂದು ಬಾಯಿ ಮುಚ್ಚಿಸಿ, ಗುರೆಳ್ಳು ಚಟ್ನಿಪುಡಿ ತುಂಬಿದಳು.

ಆ ದಿನ ಫೋನು ಬಂತು. ಟೇಪ್ ಬಂತ್ರಿ ಎಂದ ರೇವಣಸಿದ್ದ. ಸ್ವಲ್ಪ ತಡೆದು, ಚಟ್ನಿಪುಡಿಯೂ ಬಂತ್ರಿ, ಅದರ ಬ್ಯಾಕಪ್ ಐತೇನ್ರಿ ಎಂದ. ಅವಳು ನಗು ನುಂಗಿ ಫೋನಿಟ್ಟಳು. ಹಳೇ ಟೇಪಿನ ಜೊತೆ ಡಬ್ಬಿ ತಿರುಗಿ ಬಂದಾಗ ಮೇಲಿನ ಅಂತಸ್ತಿನಲ್ಲಿ ಸುಗಂಧಿ ಬಾಳೆಹಣ್ಣಿದ್ದವು. ಅವನ ತಾಯಿಯೂ ಡಬ್ಬಿ ಖಾಲಿ ಕಳಿಸದ ಮನೆತನದವರೇ ಆಗಿದ್ದರು.

ಅಲ್ಲಿಂದ ಡಬ್ಬಿಗೆ ಬಿಡುವಿಲ್ಲ. ಶೇಂಗಾ ಹೋಳಿಗೆ ಹೋದರೆ ಮಂಡಕ್ಕಿ ಉಂಡೆ ಬಂತು. ಸಂಡೂರಿನ ಗುಡ್ಡದ ಸೀತಾಫಲ ಹೋದರೆ ಹಂಪಿಯ ಅಂಗಡಿಯದೊಂದು ಬಣ್ಣದ ಬಳೆ ಬಂತು. ಅದು ಮಾತ್ರ ತಾಯಿ ಹಾಕಿದ್ದಲ್ಲ ಎಂದು ಗೊತ್ತಾಗಲು ಬಹಳ ಓದಿರಬೇಕಾಗಿರಲಿಲ್ಲ. ಗಂಗಾಂಬಿಕಾ ಆ ಬಳೆ ತೊಟ್ಟುಕೊಂಡಳು. ಬೆಳಗಿನ ಫೋನು ದಿನದಿಂದ ದಿನಕ್ಕೆ ಉದ್ದವಾಯಿತು. ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಹೀಗೆ, ಮುಖ ಕಾಣದೆ, ಬಸ್ಸಿನಲ್ಲಿ ಹೋಗಿಬರುವ ಒಂದು ಡಬ್ಬಿಯ ಮೇಲೆ ನಂಬಿಕೆ ಇಟ್ಟು.

ಈಗ ಆ ಮುಖ ಎದುರಿಗಿತ್ತು. ಅದು ತಂದ ಸುದ್ದಿ ಮಾತ್ರ ಚೆನ್ನಾಗಿರಲಿಲ್ಲ.

ರೇವಣಸಿದ್ದ ಹುರುಪಿನಿಂದಲೇ ಹೇಳಿದ. ಮೂರೂ ಊರಿನ ಸರ್ವರ್ ಹಳತಾಗಿವೆ, ಬಿಡಿಭಾಗ ಸಿಗುವುದಿಲ್ಲ. ಹೊಸಪೇಟೆಗೆ ಒಂದೇ ದೊಡ್ಡ ಮಷೀನು ಬಂದಿದೆ. ಮೂರನ್ನೂ ಅದರೊಳಗೆ ಸೇರಿಸುವುದು. ಕೂಡು ಕುಟುಂಬ ಇದ್ದ ಹಾಗೆ, ಸೂರು ಒಂದೇ, ಒಳಗೆ ಎಲ್ಲರಿಗೂ ಅವರವರ ಕೋಣೆ. ಕಂಪ್ಲಿಯದು ಆಗಲೇ ಸೇರಿತು, ಇನ್ನು ಸಂಡೂರಿನದು.

“ಅಂದ್ರ ಇಲ್ಲಿ ಏನೂ ಇರಂಗಿಲ್ಲ?”

“ಹೊರಗ ಒಂದು ಕಂಪ್ಯೂಟರ್, ಒಂದು ಲೈನು. ಅಷ್ಟ ಸಾಕ್ರಿ.”

“ಟೇಪು?”

“ಟೇಪಿನ ಕೆಲಸಾನ ಇಲ್ರಿ ಇನ್ನ. ಎಲ್ಲಾ ಅಲ್ಲೇ...” ಎಂದವನು ನಡುವೆಯೇ ನಿಲ್ಲಿಸಿದ. ಕಿಟಕಿಯ ಕಟ್ಟೆಯ ಮೇಲೆ ಹೊಸಪೇಟೆಯಿಂದ ತಿರುಗಿ ಬಂದ ಡಬ್ಬಿ ಕೂತಿತ್ತು. ತಾನು ಏನು ಹೇಳಿದೆನೆಂದು ಅವನಿಗೆ ಆಗ ಹೊಳೆದಿರಬೇಕು. ಇಬ್ಬರೂ ಡಬ್ಬಿ ನೋಡಿದರು, ಒಬ್ಬರನ್ನೊಬ್ಬರು ನೋಡಲಿಲ್ಲ.

ಅವಳ ಕೈಯಿಂದ ಹೋಗುವುದು ಡಬ್ಬಿಯೊಂದೇ ಆಗಿರಲಿಲ್ಲ. ಸರ್ವರ್ ಹೊಸಪೇಟೆಗೆ ಹೋದರೆ ಇಲ್ಲಿ ಅವಳಿಗೆ ಕೆಲಸವಿಲ್ಲ, ಅವಳು ಕಂಪ್ಲಿಗೆ. ಸುದ್ದಿ ಮುಟ್ಟಿದ್ದೇ ಅಪ್ಪ ತೋಟಪ್ಪ ಫೋನು ಮಾಡಿದ. ಕೆಲಸ ಇದೆ ಎನ್ನುವವರೆಗೆ ಸುಮ್ಮನಿದ್ದೆ, ಇನ್ನು ಯಾವ ನೆಪ? ಊರಿನ ಹಿಟ್ಟಿನ ಗಿರಣಿಯವರ ಮನೆಯಿಂದ ನೋಡಲು ಬರುತ್ತಾರೆ, ಹುಡುಗ ಸಂಭಾವಿತ, ಮನೆ ಹತ್ತಿರ ಎಂದ. ಬೇಡವೆನ್ನಲು ಅವಳ ಬಳಿ ಕಾರಣವಿರಲಿಲ್ಲ. ಇದ್ದ ಕಾರಣ ಬಾಯಿ ಬಿಟ್ಟಿರಲಿಲ್ಲ.

ಸಾಗಿಸುವ ಮುಂಚಿನ ಸಿದ್ಧತೆಗೆ ರೇವಣಸಿದ್ದ ಮತ್ತೆ ಮತ್ತೆ ಬಂದ. ಮಷೀನು ಬಿಚ್ಚಿ ಬ್ಲೋವರ್ ಹಿಡಿದರೆ ಕೋಣೆಯಲ್ಲಿ ಓಕುಳಿ. ಅವನಿಗೆ ಸೀನು ಹತ್ತಿದರೆ ನಿಲ್ಲುತ್ತಿರಲಿಲ್ಲ, ಅವಳಿಗೆ ನಗು ಹತ್ತಿದರೆ ನಿಲ್ಲುತ್ತಿರಲಿಲ್ಲ. ಯಾವ ವೈರು ಯಾವುದಕ್ಕೆ ಎಂದು ಗುರುತಿಗೆ ಅವಳು ದೊಡ್ಡಮ್ಮನ ಉಲ್ಲನ್ ದಾರ ಕಟ್ಟುತ್ತಿದ್ದಳು. ಅವನು ವೈರು ಹಿಡಿದು ಕೊಡುತ್ತಿದ್ದ. ಗಂಟು ಹಾಕುವಾಗ ಅವನು ನೋಡುವುದು ಗಂಟನ್ನಲ್ಲ, ಕೈಯ ಬಳೆಯನ್ನು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಗಂಟು ನಿಧಾನಕ್ಕೆ ಹಾಕುತ್ತಿದ್ದಳು. ಅವನ ರೆಪ್ಪೆಯ ಮೇಲೊಂದು ಧೂಳಿನ ಎಳೆ ಕೂತಿರುತ್ತಿತ್ತು. ಒರೆಸಬೇಕೆಂದು ಬೆರಳ ತುದಿಯವರೆಗೂ ಆಸೆ ಬರುತ್ತಿತ್ತು. ಆಫೀಸಿನಲ್ಲಿ ಅಂಥ ಆಸೆಗೆಲ್ಲ ಜಾಗವೆಲ್ಲಿ.

ಒಂದು ಸಂಜೆ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ, ಮುಂದ ಏನ್ ಮಾಡ್ತೀರಿ ಎಂದು ಕೇಳಿದ.

“ಕಂಪ್ಲಿಗೆ ಹೋಗ್ತೀನ್ರಿ.”

“ಅಲ್ಲಿ?”

“ಗಿರಣಿಯವರ ಮನಿಯಿಂದ ನೋಡಾಕ ಬರ್ತಾರಂತ.”

ಹೇಳಿ ಅವನ ಮುಖ ನೋಡಿದಳು. ಇಷ್ಟು ನೇರವಾಗಿ ದಾರಿ ಬಿಟ್ಟುಕೊಟ್ಟರೆ ಕಲ್ಲಾದರೂ ಮಾತಾಡಬೇಕು. ರೇವಣಸಿದ್ದ ಬಸಿ ಬಾಯಿಗಿಟ್ಟು ಚಹಾ ಪೂರ್ತಿ ಕುಡಿದ. ಆಮೇಲೆ, “ಒಳ್ಳೇದಾತ್ರಿ,” ಎಂದ.

ಆ ನಾಲ್ಕಕ್ಷರದ ಮಾತು ಅವಳನ್ನು ಸುಟ್ಟಿತು. ಮರುದಿನದಿಂದ ಅವಳು ಕೆಲಸದ ಮಾತು ಬಿಟ್ಟು ಇನ್ನೊಂದು ಆಡಲಿಲ್ಲ. ಬಳೆ ತೆಗೆದು ಟ್ರಂಕಿನಲ್ಲಿಟ್ಟಳು.

ಸಾಗಿಸಲು ಭಾನುವಾರ ಗೊತ್ತು ಮಾಡಿ, ಆ ದಿನ ಕಾಟಾಗೆ ರಜೆ ಹಾಕಿದರು. ಶನಿವಾರ ಸಂಜೆ ಗಂಗಾಂಬಿಕಾ ಕೊನೆಯ ಟೇಪು ಇಳಿಸಿ, ಬಟ್ಟೆ ಸುತ್ತಿ, ಡಬ್ಬಿಯ ಕೆಳಗಿಟ್ಟು ಮನೆಗೆ ತಂದಳು. ದೊಡ್ಡಮ್ಮನಿಗೆ ಇದು ಕಡೆಯದು ಎಂದಷ್ಟೇ ಹೇಳಿ ಉಣ್ಣದೆ ಮಲಗಿದಳು. ಕೊಟ್ರಮ್ಮ ಬಹಳ ಹೊತ್ತು ಅವಳ ಬೆನ್ನನ್ನೇ ನೋಡುತ್ತ ಕೂತಿದ್ದಳು. ಬೆಳಿಗ್ಗೆ ಏಳುವಷ್ಟರಲ್ಲಿ ಮನೆಯೆಲ್ಲ ಹೂರಣದ ವಾಸನೆ, ಡಬ್ಬಿ ಕಟ್ಟಿ ಸಿದ್ಧವಾಗಿತ್ತು.

ಜೀಪಿನಲ್ಲಿ ಗಾದಿ ಹಾಸಿ ಸರ್ವರನ್ನು ಮಲಗಿಸಿದರು. ಅವಳು ಡಬ್ಬಿ ಚಾಚಿದಳು.

“ಕಡೀ ಟೇಪ್ ಒಳಗೈತ್ರಿ.”

ರೇವಣಸಿದ್ದ ಡಬ್ಬಿ ತೆಗೆದುಕೊಂಡ. ಅವಳ ಬರಿದಾದ ಕೈ ನೋಡಿದ. ಏನೋ ಹೇಳಲು ಬಾಯಿ ತೆರೆದ, ಡ್ರೈವರ್ ಜೀಪು ಚಾಲು ಮಾಡಿಬಿಟ್ಟ.

ಅವಳು ಒಳಗೆ ಬಂದಳು. ಸರ್ವರ್ ಇದ್ದ ಜಾಗದಲ್ಲಿ ಮಾತ್ರ ನೆಲ ಧೂಳಿಲ್ಲದೆ ಬೆಳ್ಳಗೆ ಹೊಳೆಯುತ್ತಿತ್ತು. ಇನ್ನು ಯಾರು ಬೇಕಾದರೂ ಚಪ್ಪಲಿ ಹಾಕಿಕೊಂಡು ಬರಬಹುದು. ಇಲಕಲ್ ಪರದೆ ಬಿಚ್ಚಿ, ಮಡಚಿ, ಅದನ್ನೇ ಮಡಿಲಲ್ಲಿಟ್ಟುಕೊಂಡು ಕೂತು ಅತ್ತಳು. ಸಿಟ್ಟಿಗೆ ಅಳುತ್ತಿದ್ದೇನೆ ಎಂದುಕೊಂಡಳು. ಸಿಟ್ಟಿಗಲ್ಲ ಎಂದು ಅವಳಿಗೂ ಗೊತ್ತಿತ್ತು.

ಊಟದ ಹೊತ್ತು ದಾಟಿದ ಮೇಲೆ ಫೋನು ಬಡಿಯಿತು.

“ಮೇಡಂ, ಡಬ್ಬಿಯೊಳಗ ಟೇಪ್ ಇಲ್ರಿ.”

ಆಗಿದ್ದು ಇಷ್ಟು. ಅದಿರಿನ ಲಾರಿಗಳು ಅಗೆದು ಗುಂಡಿ ಮಾಡಿದ್ದ ರಸ್ತೆಯಲ್ಲಿ ಗಾದಿಯೂ ಸರ್ವರನ್ನು ಕಾಯಲಿಲ್ಲ. ಹೊಸಪೇಟೆಯಲ್ಲಿ ಚಾಲು ಮಾಡಿದರೆ ಡಿಸ್ಕು ಕಟಕಟ ಎಂದು ಸುಮ್ಮನಾಯಿತು. ಟೇಪು ಇದ್ದರೆ ಚಿಂತೆಯಿಲ್ಲ, ಅದರಿಂದ ಎಲ್ಲವನ್ನೂ ಹೊಸ ಮಷೀನಿಗೆ ಇಳಿಸಿಕೊಳ್ಳಬಹುದು. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಕಾಟಾ ಮುಂದೆ ಲಾರಿ ಸಾಲುಗಟ್ಟಿ ನಿಲ್ಲುತ್ತವೆ, ರೇವಣಸಿದ್ದನ ಕೆಲಸ ಹೋಗುತ್ತದೆ. ಡಬ್ಬಿ ತೆರೆದರೆ ಮೇಲಿನ ಅಂತಸ್ತಿನಲ್ಲಿ ಹೋಳಿಗೆ, ಕೆಳಗಿನ ಅಂತಸ್ತಿನಲ್ಲೂ ಹೋಳಿಗೆ.

ಗಂಗಾಂಬಿಕಾ ಮನೆಗೆ ಓಡಿದಳು. ದೊಡ್ಡಮ್ಮ ಹೊಸ್ತಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಟೇಪ್ ಎಲ್ಲಿ ಎಂದು ಕೇಳಿದರೆ ನಿಧಾನವಾಗಿ ಒಳಗೆ ಕೈ ತೋರಿಸಿದಳು. ದೇವರ ಗೂಡಿನಲ್ಲಿ, ಇಷ್ಟಲಿಂಗದ ಕರಡಿಗೆಯ ಪಕ್ಕ, ಟೇಪು ಕುಂಕುಮ ಇಡಿಸಿಕೊಂಡು, ಮೇಲೊಂದು ಕಣಗಿಲೆ ಹೂ ಹೊತ್ತು ಕೂತಿತ್ತು.

“ಮಷೀನ ಹೊಂಟೈತಿ, ಇನ್ನ ಈ ಕ್ಯಾಸೆಟ್ ಯಾಕ ಅಂದ್ಕೊಂಡೆ. ಕಡೀ ಸಲ ಹೋಗೋ ಡಬ್ಬಿ, ಎರಡೂ ಅಂತಸ್ತು ತುಂಬಿರ್ಲಿ ಅಂತ.”

ಆ ಮುಖದಲ್ಲಿದ್ದದ್ದು ಬರೀ ಮುಗ್ಧತೆಯೋ, ಮತ್ತೊಂದೋ, ಹೇಳುವುದು ಕಷ್ಟ. ಗಂಗಾಂಬಿಕಾ ಟೇಪು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಳು. ಬಾಗಿಲ ತನಕ ಹೋದವಳು ತಿರುಗಿ ಬಂದು, ಟ್ರಂಕು ತೆರೆದು, ಬಳೆ ತೊಟ್ಟುಕೊಂಡಳು.

ಪಾಲಪ್ಪನದೇ ಬಸ್ಸು ಸಿಕ್ಕಿತು. ಇವತ್ತು ಡಬ್ಬಿ ಇಲ್ಲೇನವ್ವಾ ಎಂದ ಅವನು. ಇಲ್ಲ, ಇವತ್ತು ನಾನ ಎಂದಳು. ಪಾಲಪ್ಪ ದಿನಾ ಡಬ್ಬಿ ಇಡುತ್ತಿದ್ದ ಡ್ರೈವರ್ ಹಿಂದಿನ ಸೀಟು ಖಾಲಿ ಮಾಡಿಸಿ ಕೊಟ್ಟ. ಕಂಪ್ಲಿಗೆ ಹೋಗುವಾಗಲೆಲ್ಲ ಅವಳು ಹೋದದ್ದು ಅದೇ ರಸ್ತೆಯಲ್ಲೇ. ಅಂದು ಮಾತ್ರ ಒಂದೊಂದು ಗುಂಡಿ ಬಂದಾಗಲೂ ಟೇಪನ್ನು ಎದೆಗೆ ಒತ್ತಿಕೊಂಡಳು. ಅವನಿಗೆ ಏನೂ ಆಗಬಾರದು ಎಂಬುದೊಂದೇ ಅವಳ ಮನಸ್ಸಿನಲ್ಲಿತ್ತು. ಅವನು ತನ್ನವನಾಗಲಿ ಬಿಡಲಿ.

ಹೊಸಪೇಟೆಯ ಸರ್ವರ್ ರೂಮಿನ ಬಾಗಿಲಲ್ಲಿ ಅವಳು ಚಪ್ಪಲಿ ಬಿಟ್ಟಳು. ಒಳಗೆ ನೋಡಿದರೆ ರೇವಣಸಿದ್ದನೂ ಬರಿಗಾಲಲ್ಲಿದ್ದ.

“ಇಲ್ಲೂ ಬಿಡ್ತೀರೇನ್ರಿ?”

“ಸಂಡೂರಿಂದ ಬಂದ ಮ್ಯಾಲೆ ರೂಢಿ ಆತ್ರಿ.”

ಟೇಪಿನ ಕುಂಕುಮವನ್ನು ಅವನು ಕರವಸ್ತ್ರದ ತುದಿಯಿಂದ ಒರೆಸಿ ಡ್ರೈವಿಗೆ ಹಾಕಿದ. ಅದು ಒಂದು ಉಸಿರು ಬಿಟ್ಟು ತಿರುಗತೊಡಗಿತು. ಕಂಪ್ಯೂಟರ್ ಪರದೆಯ ಮೇಲೆ ಸಂಡೂರಿನ ಲೆಕ್ಕ ಸಾಲುಸಾಲಾಗಿ ಇಳಿಯಿತು. ಇನ್ನು ಮಾಡುವುದೇನೂ ಇರಲಿಲ್ಲ, ಕಾಯುವುದಷ್ಟೇ. ಮೇಜಿನ ಮೇಲೆ ಹೋಳಿಗೆ ಮುಟ್ಟದೆ ಹಾಗೇ ಇದ್ದವು. ಯಾಕೆ ತಿಂದಿಲ್ಲವೆಂದು ಅವಳು ಕೇಳಿದಳು. ಬೆಳಿಗ್ಗೆಯಿಂದ ಗಂಟಲಲ್ಲಿ ಏನೂ ಇಳಿದಿಲ್ಲ ಎಂದ. ಅವಳೂ ನಿನ್ನೆಯಿಂದ ಉಂಡಿರಲಿಲ್ಲ. ಇಬ್ಬರೂ ಎದುರುಬದುರು ಕೂತು, ಒಂದೇ ಡಬ್ಬಿಯಿಂದ ತಿಂದರು. ಕೊಟ್ರಮ್ಮ ಎಷ್ಟು ತುಂಬಿದ್ದಳೋ ಅಷ್ಟೂ ಖಾಲಿಯಾಯಿತು.

“ಅವತ್ತು ಒಳ್ಳೇದಾತು ಅಂದ್ರಲ್ಲ,” ಎಂದಳು ಅವಳು ಕೊನೆಗೆ. “ಯಾವುದು ಒಳ್ಳೇದಾತ್ರಿ?”

ರೇವಣಸಿದ್ದ ಎದ್ದು ಡಬ್ಬಿ ತೊಳೆದು ತಂದ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ನಿಮ್ಮ ಸರ್ವರ್ ಕಿತ್ತಾವ ನಾನ. ನಿಮ್ಮ ಕೆಲಸ ಕಳದಾವ ನಾನ. ಯಾವ ಮುಖ ಇಟ್ಕೊಂಡು ನಿಮ್ಮನ್ನ ಕೇಳ್ಲಿ ಅನಿಸ್ತು. ಗಿರಣಿಯವರ ಮನ್ಯಾಗ ಸುಖವಾಗಿರ್ತೀರಿ ಅಂತ ಅಂದೆ. ಅಂದ ದಿನದಿಂದ ನನಗ ನಿದ್ದಿ ಇಲ್ಲ.”

ಅವಳು ಪರದೆ ನೋಡುತ್ತಲೇ ಇದ್ದಳು. ಪರದೆ ಮಂಜಾಗಿ ಕಾಣುತ್ತಿತ್ತು.

“ಡಬ್ಬಿ ಖಾಲಿ ಕಳಿಸಬಾರದು ಅಂತಾರಲ್ರಿ ನಿಮ್ಮ ದೊಡ್ಡವ್ವ. ಇವತ್ತು ತುಂಬಿ ಕಳಿಸಾಕ ನನ್ನ ಹತ್ರ ಏನೂ ಇಲ್ಲ. ಅದಕ್ಕ ಇದು ವಾಪಸ್ ಹೋಗೋದ ಬ್ಯಾಡ. ನಮ್ಮ ಮನ್ಯಾಗ ಇರ್ಲಿ. ನೀವೂ ಬರ್ರಿ. ನನಗ ನೀವು ಬೇಕು ಗಂಗಾಂಬಿಕಾ.”

ಅಷ್ಟು ದಿನ ಮೇಡಂ ಎಂದವನ ಬಾಯಲ್ಲಿ ಹೆಸರು ಕೇಳಿ ಅವಳ ಕಿವಿ ಬಿಸಿಯಾದವು. ಟೇಪು ಅಷ್ಟರಲ್ಲಿ ನಿಂತಿತು. ಅವಳು ಕೀಬೋರ್ಡು ಎಳೆದುಕೊಂಡು ಶನಿವಾರದ ಕೊನೆಯ ಲಾರಿ ಹುಡುಕಿದಳು. ಇತ್ತು, ತೂಕದ ಸಮೇತ. ಸಂಡೂರು ಪೂರ್ತಿಯಾಗಿ ಹೊಸಪೇಟೆಗೆ ಬಂದು ಸೇರಿತ್ತು.

“ಎಲ್ಲಾ ಬಂದೈತ್ರಿ,” ಎಂದಳು. ಎದ್ದು ಅವನ ಹತ್ತಿರ ಹೋಗಿ, ರೆಪ್ಪೆಯ ಮೇಲಿದ್ದ ಧೂಳನ್ನು ಬೆರಳಿನಿಂದ ಒರೆಸಿದಳು. ಬಳೆ ಅವನ ಕೆನ್ನೆಗೆ ತಾಗಿತು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟಳು. ಅವನು ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದ, ಕೈಯಲ್ಲಿ ಡಬ್ಬಿ ಹಿಡಿದುಕೊಂಡೇ. ಅವಳು ಕೈ ಚಾಚಿ ಕೇಳುತ್ತಾಳೇನೋ ಎಂಬ ಭಯ ಅವನ ಮುಖದಲ್ಲಿ ಬಸ್ಸು ಹೊರಡುವವರೆಗೂ ಇತ್ತು.

ಮನೆ ಮುಟ್ಟಿದಾಗ ಕೊಟ್ರಮ್ಮ ರೊಟ್ಟಿ ಬಡಿಯುತ್ತಿದ್ದಳು. ಬರಿಗೈಯಲ್ಲಿ ಒಳಗೆ ಬಂದವಳನ್ನು ಮೇಲಿಂದ ಕೆಳಗೆ ನೋಡಿದಳು.

“ಡಬ್ಬಿ ಎಲ್ಲೇ?”

“ಅಲ್ಲೇ ಐತಿ.”

“ಮರತು ಬಂದ್ಯೋ, ಬಿಟ್ಟು ಬಂದ್ಯೋ?”

ಗಂಗಾಂಬಿಕಾ ಒಲೆಯ ಬೆಂಕಿ ನೋಡಿದಳು.

“ಬಿಟ್ಟು ಬಂದೆ, ದೊಡ್ಡವ್ವ.”

ಕೊಟ್ರಮ್ಮ ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ಬೇಯಿಸಿ ಬುಟ್ಟಿಗೆ ತೆಗೆದಳು. ಆಮೇಲೆ ಹಿಟ್ಟಿನ ಕೈ ಕೊಡವಿ, ಕಂಪ್ಲಿಗೆ ಫೋನು ಹಚ್ಚಿ ಕೊಡು, ಗಿರಣಿಯವರು ಬರೋದು ಬ್ಯಾಡ ಅಂತ ನಿಮ್ಮಪ್ಪಗ ನಾನ ಹೇಳ್ತೀನಿ ಎಂದಳು.